ಬಿದ್ದುಹೋದ ಒಂದು ಸೊನ್ನೆಯ ಬಗ್ಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಈ ತಿಂಗಳ ಮೊದಲ ಭಾನುವಾರದ ಪುರವಣಿಯಲ್ಲಿ ಮುಖಕ್ಕೆ ಹಚ್ಚುವ ವಿಟಮಿನ್ ಎ ಕುರಿತು ಒಂದು ಲೇಖನ ಬಂದಿದೆ. ಅದರ ಮೂರನೆಯ ಕಾಲಮ್ಮಿನಲ್ಲಿ, ಮೇಲಿನಿಂದ ಹನ್ನೊಂದನೆಯ ಸಾಲಿನಲ್ಲಿ ಒಂದು ಸೊನ್ನೆ ಬಿದ್ದುಹೋಗಿದೆ. ‘ಹೊಸಬರು ಶೇ 0.25 ಟ್ರೆಟಿನಾಯಿನ್‌ನಿಂದ ಆರಂಭಿಸಬಹುದು’ ಎಂದು ಅಚ್ಚಾಗಿದೆ. ಅದು ಶೇ 0.025 ಆಗಬೇಕಿತ್ತು. ಟ್ರೆಟಿನಾಯಿನ್ ಎಂದರೆ ಮೊಡವೆಗೂ ಬಿಸಿಲಿನ ಸುಕ್ಕಿಗೂ ಹಚ್ಚುವ, ವಿಟಮಿನ್ ಎ ಕುಲದ ಔಷಧ. ಬಿಂದುವಿನ ಬಲಕ್ಕಿರುವ ಆ ಸೊನ್ನೆ ಹೋದರೆ ಔಷಧ ಹತ್ತು ಪಟ್ಟಾಗುತ್ತದೆ.

ನಾನು 31 ವರ್ಷ ಪ್ರೂಫ್ ರೀಡರ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಸೊನ್ನೆ ಹೇಗೆ ಬೀಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಬಿಂದುವಿನ ಎರಡೂ ಕಡೆ ಸೊನ್ನೆ ಇದ್ದರೆ ದಣಿದ ಕಣ್ಣು ಒಂದನ್ನು ನುಂಗಿ ಮುಂದಕ್ಕೆ ಹೋಗುತ್ತದೆ. ನಾನೂ ಒಮ್ಮೆ ಒಂದು ವಾರ್ಷಿಕ ವರದಿಯ ಇಡೀ ಕೋಷ್ಟಕದ ದಶಮಾಂಶವನ್ನು ಒಂದು ಸ್ಥಾನ ಬಲಕ್ಕೆ ಜರುಗಿಸಿ ಅಚ್ಚಿಗೆ ಕಳುಹಿಸಿದ್ದೇನೆ. ಮೂರು ರಾತ್ರಿ ನಿದ್ದೆ ಬಂದಿರಲಿಲ್ಲ. ಆದ್ದರಿಂದ ನಿಮ್ಮ ಮೇಜಿನ ಮೇಲೆ ಆ ಪುಟ ನೋಡಿದವರನ್ನು ಹಂಗಿಸಲು ಈ ಪತ್ರ ಬರೆಯುತ್ತಿಲ್ಲ. ಅವರ ಬಗ್ಗೆ ನನಗೆ ಮರುಕವೇ ಇದೆ. ಆದರೆ ನನ್ನ ಸೊನ್ನೆ ಕಪಾಟಿನೊಳಗಿನ ಒಂದು ವರದಿಯಲ್ಲಿ ಕೊಳೆಯಿತು. ನಿಮ್ಮದು ಜನರ ಕೆನ್ನೆಯ ಮೇಲೆ ಹೋಗಿ ಕೂತಿದೆ. ಯಾರ ಕೆನ್ನೆ ಎಂಬುದೂ ನನಗೆ ಗೊತ್ತು.

ಕಳೆದ ವಾರ ನನ್ನ ತಂಗಿಯ ಮಗಳು ಬಂದಿದ್ದಳು. 26 ವರ್ಷದ ಹುಡುಗಿ, ಮದುವೆಯಾಗಿ ವರ್ಷ ತುಂಬಿದೆ. ಬಾಗಿಲು ತೆಗೆದರೆ ದುಪಟ್ಟಾವನ್ನು ಮೂಗಿನವರೆಗೆ ಎಳೆದುಕೊಂಡು ನಿಂತಿದ್ದಳು. ಒಳಗೆ ಬಂದು ತೆಗೆದಾಗ ನೋಡಿದೆ. ಮೂಗಿನ ಎರಡೂ ಪಕ್ಕದ ಚರ್ಮ ಹಳೆಯ ಗೋಡೆಯ ಸುಣ್ಣದ ಹಾಗೆ ಎದ್ದಿತ್ತು. ಬಾಯಿಯ ಮೂಲೆಗಳು ಸೀಳಿದ್ದವು. ಕೆನ್ನೆಗಳು ಹೊಳೆಯುತ್ತಿದ್ದವು. ಅದು ಆರೋಗ್ಯದ ಹೊಳಪಲ್ಲ, ಬಿಸಿನೀರು ಬಿದ್ದು ಬಿಗಿದ ಚರ್ಮದ ಹೊಳಪು. ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು.

‘ದೊಡ್ಡಮ್ಮ, ನೀವು ಹಚ್ಚುತ್ತೀರಲ್ಲ, ಅದನ್ನೇ ನಾನೂ ಶುರು ಮಾಡಿದೆ. ಪೇಪರಿನಲ್ಲಿ ಬಂದಿತ್ತು’ ಎಂದು ಮೊಬೈಲ್ ತೆಗೆದು ನಿಮ್ಮ ಲೇಖನದ ಚಿತ್ರ ತೋರಿಸಿದಳು. ನಂತರ ಟ್ಯೂಬನ್ನು ತೋರಿಸಿದಳು. ಅದರ ಮೇಲೆ ಶೇ 0.1 ಎಂದಿತ್ತು. ಇದೇಕೆ ಇಷ್ಟು ಹೆಚ್ಚಿನದು ತಂದೆ ಎಂದು ಕೇಳಿದರೆ ಅವಳಿಗೆ ಆಶ್ಚರ್ಯ. ‘ಹೆಚ್ಚಿನದೇ? ಪೇಪರಿನಲ್ಲಿ 0.25 ಅಂತ ಇದೆ. ಎಲ್ಲಿ ಹುಡುಕಿದರೂ ಅದು ಸಿಗಲಿಲ್ಲ. ಇದು ಅರ್ಧಕ್ಕಿಂತ ಕಡಿಮೆ ಅಲ್ಲವೇ, ಅದಕ್ಕೇ ದಿನಕ್ಕೆ ಎರಡು ಸಲ ಹಚ್ಚುತ್ತಿದ್ದೇನೆ.’

ಅವಳ ಲೆಕ್ಕದಲ್ಲಿ ತಪ್ಪಿಲ್ಲ, ಸಂಪಾದಕರೇ. ಕೊಟ್ಟ ಅಂಕಿಯನ್ನು ನಂಬಿದವರು ಹಾಗೆಯೇ ಲೆಕ್ಕ ಹಾಕುತ್ತಾರೆ. ಈ ಔಷಧ ಸಾಮಾನ್ಯವಾಗಿ ಶೇ 0.025, 0.05 ಮತ್ತು 0.1ರ ಬಲದಲ್ಲಿ ಬರುತ್ತದೆ. 0.25 ಸಿಗದಿದ್ದಾಗ ಅವಳು ಅದಕ್ಕೆ ಹತ್ತಿರವಾದದ್ದನ್ನು, ಅಂದರೆ ಇರುವುದರಲ್ಲೇ ಅತ್ಯಂತ ತೀಕ್ಷ್ಣವಾದದ್ದನ್ನು ಆರಿಸಿಕೊಂಡಳು. ಕೊರತೆ ತುಂಬಲು ಬೆಳಿಗ್ಗೆಯೂ ಹಚ್ಚಿದಳು. ನಾನು ಶುರು ಮಾಡಿದ್ದು 0.025ರಿಂದ, ವಾರಕ್ಕೆ ಎರಡೇ ರಾತ್ರಿ. ಅವಳದು ಅದರ ನಾಲ್ಕು ಪಟ್ಟು ಬಲದ್ದು, ವಾರಕ್ಕೆ 14 ಸಲ. ಗುಣಿಸಿದರೆ 28 ಪಟ್ಟು. ಇದು ಒಂದೊಂದು ಸಲಕ್ಕೂ ನನ್ನಷ್ಟೇ ಕ್ರೀಮ್ ತೆಗೆದುಕೊಂಡಿದ್ದರೆ ಬರುವ ಲೆಕ್ಕ. ನಿಮ್ಮ ಲೇಖನ ‘ಧಾರಾಳವಾಗಿ ಹಚ್ಚಿ’ ಎಂದೂ ಹೇಳಿತ್ತು. ಇಪ್ಪತ್ತು ಗ್ರಾಂ ತೂಗುವ 0.025ರ ಒಂದು ಇಡೀ ಟ್ಯೂಬಿನಲ್ಲಿ ಔಷಧ ಇರುವುದು 5 ಮಿಲಿಗ್ರಾಂ ಮಾತ್ರ. ಇಂತಹ ವಸ್ತುವಿನ ವಿಷಯದಲ್ಲಿ ಧಾರಾಳ ಎಂಬ ಪದವನ್ನು ಬಳಸಬಾರದು.

ಉರಿಯುತ್ತಿದ್ದರೂ ಒಂಬತ್ತು ದಿನ ಹೇಗೆ ಹಚ್ಚಿದೆ ಎಂದು ಕೇಳಿದೆ. ಅದಕ್ಕೂ ಅವಳ ಬಳಿ ನಿಮ್ಮ ಸಾಲೇ ಇತ್ತು: ‘ಉರಿ ಬಂದರೆ ಔಷಧ ಕೆಲಸ ಮಾಡುತ್ತಿದೆ ಎಂದೇ ಅರ್ಥ, ಹೆದರಿ ನಿಲ್ಲಿಸಬೇಡಿ.’

ಸೊನ್ನೆಗಿಂತ ಈ ಸಾಲೇ ನನ್ನನ್ನು ಹೆಚ್ಚು ಕೆಣಕಿದ್ದು. ಸೊನ್ನೆ ಕೈತಪ್ಪು, ಈ ಸಾಲನ್ನು ಯಾರೋ ಯೋಚಿಸಿ ಬರೆದಿದ್ದಾರೆ. ಮತ್ತು ಇದನ್ನು ನಾನೂ ಒಂದು ಕಾಲದಲ್ಲಿ ನಂಬಿದ್ದೆ.

ಏಳು ವರ್ಷದ ಹಿಂದಿನ ಮಾತು, ನನಗೆ ಆಗ 53. ನನ್ನ ಮೇಜು ಕಿಟಕಿಯ ಪಕ್ಕದಲ್ಲಿತ್ತು, ಎಡಗಡೆಗೆ. ಬೆಳಕು ಚೆನ್ನಾಗಿರುತ್ತದೆ ಎಂದು ನಾನೇ ಹಟಹಿಡಿದು ಪಡೆದ ಜಾಗ. ಗಾಜು ಹಾಕಿದ ಕಿಟಕಿ. ಬಿಸಿಲು ಮೈಗೆ ಚುರುಕು ಮುಟ್ಟಿಸಿದ ನೆನಪೇ ಇಲ್ಲ. ಒಂದು ದಿನ ಗುರುತಿನ ಚೀಟಿಗೆ ಫೋಟೊ ತೆಗೆಸಿದಾಗ ನನ್ನ ಮುಖದಲ್ಲಿ ಇಬ್ಬರು ಇದ್ದರು. ಬಲಗೆನ್ನೆಯವಳಿಗೆ ಐವತ್ತರ ಆಸುಪಾಸು. ಎಡಗೆನ್ನೆಯವಳು ಅವಳ ಅಕ್ಕ: ಕಣ್ಣಿನ ಮೂಲೆಯಿಂದ ಕಿವಿಯವರೆಗೆ ಸಣ್ಣ ಗೆರೆಗಳ ಬಲೆ, ಕೆನ್ನೆಯ ಎಲುಬಿನ ಮೇಲೆ ಕಂದು ಬಣ್ಣದ ಮೂರು ಕಲೆಗಳು. ಚರ್ಮವೈದ್ಯೆಗೆ ತೋರಿಸಿದಾಗ ಅವರು ಮೊದಲು ಕೇಳಿದ್ದು, ‘ನೀವು ಕೂರುವ ಕಡೆ ಕಿಟಕಿ ಎಡಕ್ಕಿದೆಯೇ?’ ಎಂದು. ಚರ್ಮವನ್ನು ಸುಟ್ಟು ಕೆಂಪಾಗಿಸುವ ಅತಿನೇರಳೆ ಬಿ ಕಿರಣವನ್ನು ಗಾಜು ಬಹಳಮಟ್ಟಿಗೆ ತಡೆಯುತ್ತದೆ. ಆಳಕ್ಕೆ ಇಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಎಂಬ ಪ್ರೋಟೀನನ್ನು ಕೆಡಿಸುವ ಅತಿನೇರಳೆ ಎ ಕಿರಣಗಳ ಬಹುಪಾಲನ್ನು ಅದು ಒಳಗೆ ಬಿಡುತ್ತದೆ. ಚುರುಕು ಮುಟ್ಟಿಲ್ಲ ಎಂದರೆ ಬಿಸಿಲು ಬಿದ್ದಿಲ್ಲ ಎಂದು ಅರ್ಥವಲ್ಲ. ನಾನು ಹಟಹಿಡಿದು ಪಡೆದ ಬೆಳಕು ಇದು.

ಅವರು ಚೀಟಿಯಲ್ಲಿ 0.025 ಎಂದು ಬರೆದು, ಸೊನ್ನೆಗಳ ಕೆಳಗೆ ಅಡ್ಡಗೆರೆ ಎಳೆದರು. ಆಗ ಅದು ಅತಿ ಎನಿಸಿತ್ತು. ನಂತರ ತಮ್ಮ ತೋರುಬೆರಳಿನ ತುದಿಯಲ್ಲಿ ಒಂದು ಬಟಾಣಿ ಕಾಳಿನಷ್ಟು ಕ್ರೀಮ್ ಇಟ್ಟು ತೋರಿಸಿದರು. ‘ಇಡೀ ಮುಖಕ್ಕೆ ಇಷ್ಟು. ಕೆನ್ನೆಗೆ ಇಷ್ಟು, ಹಣೆಗೆ ಇಷ್ಟು ಅಲ್ಲ, ಇಡೀ ಮುಖಕ್ಕೆ.’ ಹಣೆ, ಎರಡು ಕೆನ್ನೆ, ಮೂಗು, ಗಲ್ಲ: ಐದು ಚುಕ್ಕೆ ಇಟ್ಟು ಹರಡಬೇಕು. ಮುಖ ತೊಳೆದು ಇಪ್ಪತ್ತು ನಿಮಿಷ ಬಿಟ್ಟು, ಪೂರ್ತಿ ಒಣಗಿದ ಮೇಲೆ ಹಚ್ಚಬೇಕು. ಒದ್ದೆ ಚರ್ಮಕ್ಕೆ ಅದು ಹೆಚ್ಚು ಕಚ್ಚುತ್ತದೆ. ಕಣ್ಣಿನ ರೆಪ್ಪೆ, ಮೂಗಿನ ಸಂದು, ಬಾಯಿಯ ಮೂಲೆ ಬಿಡಬೇಕು. ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚದಿದ್ದರೆ ರಾತ್ರಿ ಇದನ್ನು ಹಚ್ಚುವುದೇ ಬೇಡ ಎಂದರು.

ಎಲ್ಲವನ್ನೂ ಕೇಳಿಸಿಕೊಂಡು ಬಂದು ನಾನು ಮಾಡಿದ್ದೇನು? ಎರಡನೆಯ ವಾರದಿಂದಲೇ ಪ್ರತಿ ರಾತ್ರಿ ಹಚ್ಚಿದೆ. ಎಡಗೆನ್ನೆಗೆ ಒಂದು ಸುತ್ತು ಜಾಸ್ತಿ, ಅದಕ್ಕೆ ಅಗತ್ಯ ಹೆಚ್ಚಲ್ಲವೇ ಎಂದು! ಉರಿಯಿತು. ಉರಿದಷ್ಟೂ ಸಮಾಧಾನವಾಯಿತು. ಮೂರನೆಯ ವಾರದ ಒಂದು ಮಧ್ಯಾಹ್ನ ಕರಡು ತಿದ್ದುತ್ತಿದ್ದಾಗ ‘ಸಬಂಧ’ ಎಂಬ ಪದದ ‘ಸ’ದ ಪಕ್ಕದಲ್ಲಿ ಅನುಸ್ವಾರ ಕಂಡಿತು. ಸರಿಯಾಗಿಯೇ ಇದೆಯಲ್ಲ ಎಂದು ಮುಂದಕ್ಕೆ ಹೋದೆ. ಉಸಿರು ಬಿಟ್ಟಾಗ ಆ ಸೊನ್ನೆ ಹಾರಿತು. ಅದು ನನ್ನ ಕೆನ್ನೆಯಿಂದ ಉದುರಿದ ಚರ್ಮದ ಹೊಟ್ಟು. ಮೇಜಿನ ಮೇಲೆಲ್ಲ ಅಂತಹವೇ. ಅಂದು ಸಂಜೆ ವೈದ್ಯೆಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ‘ಎಲ್ಲರೂ ಹೀಗೇ ಮಾಡುತ್ತಾರೆ. ಹತ್ತು ದಿನ ನಿಲ್ಲಿಸಿ, ಬರೀ ಮಾಯಿಶ್ಚರೈಸರ್ ಹಚ್ಚಿ, ಆಮೇಲೆ ಮೊದಲಿನಿಂದ’ ಎಂದರು.

ಉರಿಗೂ ಗುಣಕ್ಕೂ ಸಂಬಂಧವಿದೆಯೇ ಎಂಬುದನ್ನು ಊಹೆಗೆ ಬಿಟ್ಟಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಚರ್ಮವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಿಸಿಲಿನಿಂದ ಮುಖ ಬಾಡಿದ 99 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶೇ 0.1ರ ಟ್ರೆಟಿನಾಯಿನ್, ಇನ್ನೊಂದಕ್ಕೆ 0.025ರದ್ದು, ಮತ್ತೊಂದಕ್ಕೆ ಔಷಧವಿಲ್ಲದ ಬರೀ ಕ್ರೀಮ್ ಕೊಟ್ಟರು. ಯಾರಿಗೆ ಯಾವುದು ಎಂದು ಹಚ್ಚಿಕೊಳ್ಳುವವರಿಗೂ ಗೊತ್ತಿರಲಿಲ್ಲ, ಪರೀಕ್ಷಿಸುವವರಿಗೂ ಗೊತ್ತಿರಲಿಲ್ಲ. 48 ವಾರ ಕಳೆದ ಮೇಲೆ ನೋಡಿದರೆ ಔಷಧ ಹಚ್ಚಿದ ಎರಡೂ ಗುಂಪುಗಳಲ್ಲಿ ಸುಧಾರಣೆ ಹೆಚ್ಚುಕಡಿಮೆ ಒಂದೇ. ಉರಿ, ಕೆಂಪು, ಸಿಪ್ಪೆ ಏಳುವುದು ಮಾತ್ರ 0.1ರವರಿಗೆ ಗಣನೀಯವಾಗಿ ಹೆಚ್ಚು. ನಾಲ್ಕು ಪಟ್ಟು ಔಷಧ ಹಚ್ಚಿಕೊಂಡು ಅವರು ಹೆಚ್ಚಿಗೆ ಪಡೆದದ್ದು ಉರಿಯನ್ನೇ. ನಿಮ್ಮ ಲೇಖಕರು ‘ಉರಿಯೇ ಗುಣ’ ಎಂದು ಬರೆದು, ಎಷ್ಟೋ ವರ್ಷದ ಹಿಂದೆಯೇ ಉತ್ತರ ಸಿಕ್ಕ ಪ್ರಶ್ನೆಗೆ ತಪ್ಪು ಉತ್ತರ ಬರೆದಿದ್ದಾರೆ. ಮೊದಲ ಕೆಲವು ವಾರ ಸ್ವಲ್ಪ ಒಣಗುವುದು, ಸಿಪ್ಪೆ ಏಳುವುದು, ಮೊಡವೆ ಇರುವವರಿಗೆ ಅವು ತುಸು ಹೆಚ್ಚಿದಂತೆ ಕಾಣುವುದು ಸಹಜ. ಸಹಿಸಬಹುದಾದ ಅಡ್ಡಪರಿಣಾಮ ಬೇರೆ, ಗುಣದ ಲಕ್ಷಣ ಬೇರೆ.

ಉರಿ ಕೆಲಸದ ಗುರುತಲ್ಲವಾದರೆ ಕೆಲಸ ನಡೆಯುವುದು ಎಲ್ಲಿ? ನನ್ನ ಕಸುಬಿನವಳಿಗೆ ಇದು ಬಲು ಇಷ್ಟವಾದ ಭಾಗ. ಟ್ರೆಟಿನಾಯಿನ್ ಎಂದರೆ ರೆಟಿನಾಯಿಕ್ ಆಮ್ಲ. ಅದು ಚರ್ಮವನ್ನು ಉಜ್ಜಿ ಸುಲಿಯುವ ಆಮ್ಲವಲ್ಲ, ಹೆಸರಿನಿಂದ ಮೋಸ ಹೋಗಬಾರದು. ಅದು ಜೀವಕೋಶದ ಒಳಗೆ, ಅದರ ಕೇಂದ್ರದವರೆಗೆ ಹೋಗಿ, ಅಲ್ಲಿರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು, ಯಾವ ಜೀನ್ ಓದಿಸಿಕೊಳ್ಳಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಬದಲಿಸುತ್ತದೆ. ಆ ಗ್ರಾಹಕವನ್ನು ಫ್ರಾನ್ಸಿನಲ್ಲಿ ಪಿಯೇರ್ ಶಾಂಬೋನ್ ಮತ್ತು ಅಮೆರಿಕದಲ್ಲಿ ರೊನಾಲ್ಡ್ ಎವಾನ್ಸ್ ಅವರ ತಂಡಗಳು 1987ರಲ್ಲಿ ಬೇರೆಬೇರೆಯಾಗಿ ಗುರುತಿಸಿದವು. ಓದು ಬದಲಾದ ಮೇಲೆ ಕೋಶಗಳು ಬೇಗ ಹುಟ್ಟಿ ಬೇಗ ಮೇಲೆ ಬರುತ್ತವೆ, ಮೊಡವೆಗೆ ಮೂಲವಾದ ರಂಧ್ರದ ಬಿರಡೆ ಕಟ್ಟುವುದಿಲ್ಲ, ಬಣ್ಣದ ಕಣಗಳು ಹಂಚಿಹೋಗುತ್ತವೆ. ಕೊಲಾಜನ್ ಕಡಿಯುವ ಕಿಣ್ವ ತಗ್ಗುತ್ತದೆ, ಹೊಸ ಕೊಲಾಜನ್ ಹುಟ್ಟುತ್ತದೆ. 1993ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 10ರಿಂದ 12 ತಿಂಗಳು ಟ್ರೆಟಿನಾಯಿನ್ ಹಚ್ಚಿದ ಚರ್ಮದಲ್ಲಿ ಒಂದನೆಯ ಬಗೆಯ ಕೊಲಾಜನ್ ತಯಾರಿಕೆ ಶೇ 80ರಷ್ಟು ಏರಿತ್ತು. ಬರೀ ಕ್ರೀಮ್ ಹಚ್ಚಿದವರಲ್ಲಿ ಶೇ 14ರಷ್ಟು ಇಳಿದಿತ್ತು. 10ರಿಂದ 12 ತಿಂಗಳು ಎಂಬುದನ್ನು ದಯವಿಟ್ಟು ಮತ್ತೊಮ್ಮೆ ಓದಿ. ನಿಮ್ಮ ಲೇಖನದ ಉಪಶೀರ್ಷಿಕೆಯಲ್ಲಿ ‘ಎರಡೇ ವಾರ’ ಎಂದಿತ್ತು.

ಇದರಿಂದ ಚರ್ಮ ತೆಳುವಾಗುತ್ತದೆ ಎಂಬ ಭಯವೂ ಜನರಲ್ಲಿದೆ; ನನ್ನ ತಂಗಿಗೂ ಇತ್ತು. ನಿಜದಲ್ಲಿ ಮೇಲಿನ ಸತ್ತ ಪದರ ಒತ್ತಾಗುತ್ತದೆ, ಅದರ ಕೆಳಗಿನ ಜೀವಂತ ಪದರ ದಪ್ಪವಾಗುತ್ತದೆ. ಚರ್ಮ ತೆಳುವಾಗಿಸುವುದು ಸ್ಟೀರಾಯ್ಡ್. ಬಂಗು ಎಂಬ ಮುಖದ ಕಂದು ಕಲೆಗೆಂದು ಕೊಡುವ, ಬಣ್ಣ ತಿಳಿಯಾಗಿಸುವ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಕ್ರೀಮುಗಳನ್ನು ವೈದ್ಯರು ಕೆಲವೇ ವಾರಕ್ಕೆ ಬರೆದಿದ್ದರೆ, ಬಣ್ಣ ತಿಳಿಯಾಯಿತು ಎಂಬ ಖುಷಿಗೆ ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಆಮೇಲೆ ಮುಖದ ಮೇಲೆ ಕೆಂಪು ರಕ್ತನಾಳಗಳು ಕಾಣಿಸಿಕೊಂಡಾಗ ಬೈಗುಳ ವಿಟಮಿನ್ ಎಗೆ ಬೀಳುತ್ತದೆ. ನಿಮ್ಮ ಲೇಖನ ಈ ಬೆರಕೆಯನ್ನೂ ‘ವಿಟಮಿನ್ ಎ ಕ್ರೀಮ್’ ಎಂಬ ಒಂದೇ ಬುಟ್ಟಿಗೆ ಹಾಕಿದೆ.

ಆ ಬುಟ್ಟಿಯಲ್ಲಿ ಇನ್ನೂ ಏನೇನೋ ಇವೆ. ರೆಟಿನೈಲ್ ಪಾಲ್ಮಿಟೇಟ್ ಎಂಬ ವಿಟಮಿನ್ ಎ ರೂಪ ಚರ್ಮದೊಳಗೆ ಮೊದಲು ರೆಟಿನಾಲ್ ಆಗಬೇಕು. ರೆಟಿನಾಲ್ ರೆಟಿನಾಲ್ಡಿಹೈಡ್ ಆಗಬೇಕು. ಅದು ರೆಟಿನಾಯಿಕ್ ಆಮ್ಲವಾದ ಮೇಲೆಯೇ ಕೆಲಸ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಸೋರಿಹೋಗುತ್ತದೆ, ಹಾಗಾಗಿ ಸೌಂದರ್ಯವರ್ಧಕದ ರೆಟಿನಾಲ್ ಮೃದು, ನಿಧಾನ. ಅಂದ ಮಾತ್ರಕ್ಕೆ ನಿಷ್ಪ್ರಯೋಜಕವಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಪ್ರಿಯ: ಸರಾಸರಿ 87 ವರ್ಷದ 36 ಹಿರಿಯರ ಒಂದು ತೋಳಿನ ಒಳಭಾಗಕ್ಕೆ ಶೇ 0.4ರ ರೆಟಿನಾಲ್, ಇನ್ನೊಂದು ತೋಳಿಗೆ ಬರೀ ಲೋಷನ್, 24 ವಾರ. ರೆಟಿನಾಲ್ ಹಚ್ಚಿದ ತೋಳಿನ ಸಣ್ಣ ಸುಕ್ಕುಗಳು ಕಡಿಮೆಯಾದವು. ಬಿಸಿಲು ಕಾಣದ ತೋಳಿನ ಒಳಭಾಗವನ್ನೇ ಆರಿಸಿದ್ದರಿಂದ, ಬರೀ ವಯಸ್ಸಿನಿಂದ ಬಂದ ಸುಕ್ಕಿಗೂ ಇದು ತಾಗುತ್ತದೆ ಎಂದು ತಿಳಿಯಿತು. 60ರವಳಿಗೆ 87ರವರ ಸುದ್ದಿ ಎಷ್ಟು ಹಿತವಾಗಿರುತ್ತದೆ ಎಂಬುದನ್ನು ನೀವು ಊಹಿಸಬಹುದು. ಹಾಗೆಂದು ರೆಟಿನಾಲ್ ಲೆಕ್ಕವಿಲ್ಲದ ವಸ್ತುವೂ ಅಲ್ಲ. ಯುರೋಪಿಯನ್ ಒಕ್ಕೂಟ 2024ರಲ್ಲಿ ಮಾಡಿದ ನಿಯಮದಂತೆ ಮುಖದ ಕ್ರೀಮುಗಳಲ್ಲಿ ಅದು ಶೇ 0.3 ಮೀರಬಾರದು, ಮೈಗೆ ಹಚ್ಚುವ ಲೋಷನ್ನಿನಲ್ಲಿ ಶೇ 0.05. ಅಡಾಪಲೀನ್ ಇನ್ನೊಂದು ಜಾತಿ, ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು, ಮೊಡವೆಗೆಂದೇ ಬಂದದ್ದು. ಅಮೆರಿಕದಲ್ಲಿ 2016ರಿಂದ ಅದರ ಶೇ 0.1ರ ಜೆಲ್ ಚೀಟಿ ಇಲ್ಲದೆ ಸಿಗುತ್ತದೆ. ಗಮನಿಸಿ, ಅಡಾಪಲೀನ್‌ನಲ್ಲಿ 0.1 ಎಂಬುದು ಹೊಸಬರ ಅಂಕಿ, ಟ್ರೆಟಿನಾಯಿನ್‌ನಲ್ಲಿ ಅದೇ 0.1 ನನ್ನ ತಂಗಿಯ ಮಗಳ ಮುಖ ಸುಟ್ಟ ಅಂಕಿ. ಹೆಸರು ಬಿಟ್ಟು ಅಂಕಿ ಬರೆದರೂ ತಪ್ಪು, ಅಂಕಿ ಬಿಟ್ಟು ಹೆಸರು ಬರೆದರೂ ತಪ್ಪು.

ಲೇಖನದ ಇನ್ನೊಂದು ಜಾಗದ ಬಗ್ಗೆ ನನ್ನ ತಕರಾರು ಬೇರೆ ಬಗೆಯದು. ಈ ಔಷಧದ ಜನಕ ಎನಿಸಿಕೊಂಡ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಅವರನ್ನು ‘ಸ್ತ್ರೀಯರಿಗೆ ಯೌವನ ಕೊಟ್ಟ ಮಹಾತ್ಮ’ ಎಂದು ಹೊಗಳಲಾಗಿದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅವರು ಮತ್ತು ಸಂಗಡಿಗರು 1969ರಲ್ಲಿ ಮೊಡವೆಗೆ ರೆಟಿನಾಯಿಕ್ ಆಮ್ಲ ಒಳ್ಳೆಯದೆಂದು ತೋರಿಸಿದ್ದು ನಿಜ. 1971ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, 1986ರಲ್ಲಿ ಬಿಸಿಲಿನ ಸುಕ್ಕಿಗೂ ಆಗುತ್ತದೆಂದು ಅವರೇ ಬರೆದರು. ಆದರೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ 1951ರಿಂದ 1974ರವರೆಗೆ ಕೈದಿಗಳ ಮೈಮೇಲೆ, ಅವರಿಗೆ ಪೂರ್ತಿ ತಿಳಿಸದೆ, ಏನೇನೋ ವಸ್ತುಗಳ ಪ್ರಯೋಗ ನಡೆಸಿದವರೂ ಅವರೇ. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. ಆ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ 2021ರಲ್ಲಿ, ಫಿಲಡೆಲ್ಫಿಯಾ ನಗರ 2022ರಲ್ಲಿ ಕ್ಷಮೆ ಕೇಳಿದವು. ಇದನ್ನು ಓದಿದ ರಾತ್ರಿ ನಾನು ಟ್ಯೂಬನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಹಚ್ಚುವುದನ್ನು ಬಿಡಲಿಲ್ಲ, ನಿಜ ಹೇಳುತ್ತೇನೆ. ಮಹಾತ್ಮ ಎಂಬ ಪದವನ್ನು ಮಾತ್ರ ನನ್ನ ಕೈಯಲ್ಲಿದ್ದ ಪ್ರತಿಯಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೇನೆ.

ಇನ್ನು ಲೇಖನದಲ್ಲಿ ಇಲ್ಲದೇ ಹೋದ ಮಾತು. ಇಡೀ ಮುಕ್ಕಾಲು ಪುಟದಲ್ಲಿ ‘ಗರ್ಭಿಣಿ’ ಎಂಬ ಪದ ಒಂದು ಕಡೆಯೂ ಇಲ್ಲ. ನಾನು ಎರಡು ಸಲ ಹುಡುಕಿದೆ. ಇದೇ ಕುಲದ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ 1982ರಲ್ಲಿ ತೀವ್ರ ಮೊಡವೆಗೆಂದು ಬಂತು. ಗರ್ಭಿಣಿ ನುಂಗಿದರೆ ಹುಟ್ಟುವ ಮಗುವಿಗೆ ಗಂಭೀರ ಅಂಗದೋಷಗಳಾಗುತ್ತವೆ ಎಂಬುದು ಸಾಬೀತಾದ ವಿಷಯ. ಮುಖಕ್ಕೆ ಹಚ್ಚಿದ್ದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಆದರೂ ಸುಕ್ಕಿಗಾಗಿ ಅಂತಹ ಸಂದೇಹವನ್ನು ತಲೆಯ ಮೇಲೆ ಹೊರುವ ಅಗತ್ಯವಿಲ್ಲ ಎಂದು ವೈದ್ಯರು ಬಸುರಿನಲ್ಲೂ ಅದಕ್ಕೆ ಯೋಜಿಸುತ್ತಿರುವಾಗಲೂ ಇದನ್ನು ಬಿಡಿಸುತ್ತಾರೆ. ಗೊತ್ತಿಲ್ಲದೆ ಹಚ್ಚಿಬಿಟ್ಟವರು ದಿಗಿಲು ಬೀಳದೆ ನಿಲ್ಲಿಸಿ ವೈದ್ಯರನ್ನು ಕಂಡರೆ ಸಾಕು.

ಇದನ್ನು ಹುಡುಗಿಗೆ ಹೇಳಿದಾಗ ಅವಳು ಏನೂ ಮಾತಾಡಲಿಲ್ಲ. ಮಗುವಿನ ಬಗ್ಗೆ ಅವರಿಬ್ಬರೂ ಯೋಚಿಸುತ್ತಿದ್ದಾರೆ ಎಂದು ತಂಗಿ ನನಗೆ ಹೇಳಿದ್ದಳು. ಟ್ಯೂಬಿನ ಮುಚ್ಚಳವನ್ನು ತಿರುಗಿಸಿ ಬಿಗಿದಳು, ಇನ್ನೂ ಒಂದು ಸುತ್ತು ಬಿಗಿದಳು, ನನ್ನ ಕೈಗೆ ಕೊಟ್ಟಳು. ಅದು ಈಗ ನನ್ನ ಮೇಜಿನ ಖಾನೆಯಲ್ಲಿದೆ.

ಅಷ್ಟೆಲ್ಲ ಬೈದವಳು ನೀನೇಕೆ ಏಳು ವರ್ಷದಿಂದ ಹಚ್ಚುತ್ತಿದ್ದೀಯೆ ಎಂದು ಯಾರಾದರೂ ಕೇಳಬಹುದು. ಗುಣ ಕಂಡಿದ್ದರಿಂದ ಹಚ್ಚುತ್ತಿದ್ದೇನೆ. ಎರಡನೆಯ ಸಲ ಶುರು ಮಾಡಿದಾಗ ಮೂರು ತಿಂಗಳು ಏನೂ ಕಾಣಲಿಲ್ಲ. ಅದೇ ಕಿಟಕಿಯ ಬಳಿ, ಬೆಳಿಗ್ಗೆ ಹತ್ತು ಗಂಟೆಗೆ, ತಿಂಗಳಿಗೊಂದು ಫೋಟೊ ತೆಗೆಯುತ್ತಿದ್ದೆ; ಕರಡುಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಚಟ. ಐದನೆಯ ತಿಂಗಳಲ್ಲಿ ಮೂರು ಕಲೆಗಳಲ್ಲಿ ಚಿಕ್ಕದರ ಅಂಚು ಮಸುಕಾಯಿತು. ಎಂಟನೆಯ ತಿಂಗಳಿಗೆ ಅದು ಇಲ್ಲ. ಇನ್ನೆರಡು ತಿಳಿಯಾದವು, ಹೋಗಲಿಲ್ಲ. ಕಣ್ಣಿನ ಪಕ್ಕದ ಸಣ್ಣ ಗೆರೆಗಳ ಬಲೆ ಸಡಿಲವಾಯಿತು. ಮೂಗಿನಿಂದ ಬಾಯಿಗೆ ಇಳಿಯುವ ಆಳದ ಗೆರೆ ಅಂದು ಹೇಗಿತ್ತೋ ಇಂದೂ ಹಾಗೇ ಇದೆ. ಜೋತ ಗಲ್ಲಕ್ಕೂ ಅದು ಏನೂ ಮಾಡಲಿಲ್ಲ. ಎಡಗೆನ್ನೆಯವಳು ಈಗಲೂ ಅಕ್ಕನೇ, ಆದರೆ ವಯಸ್ಸಿನ ಅಂತರ ಕಡಿಮೆಯಾಗಿದೆ. ಕಿಟಕಿಗೆ ಪರದೆ ಹಾಕಿಸಿದ್ದೂ ದಿನಾ ಸನ್‌ಸ್ಕ್ರೀನ್ ಹಚ್ಚಿದ್ದೂ ಇದರಲ್ಲಿ ಎಷ್ಟು ಪಾಲು ಪಡೆಯಬೇಕು ಎಂದು ಬೇರ್ಪಡಿಸಿ ಹೇಳಲು ನನ್ನಿಂದ ಆಗದು. ಎರಡೂ ಇಲ್ಲದಿದ್ದರೆ ಟ್ಯೂಬೊಂದೇ ಸೋಲುತ್ತಿತ್ತು ಎಂಬುದು ವೈದ್ಯೆಯ ಮಾತು.

ತಂಗಿಯ ಮಗಳ ಮುಖ ಈಗ ಪರವಾಗಿಲ್ಲ. ಎಲ್ಲವನ್ನೂ ನಿಲ್ಲಿಸಿ, ಸುವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಮಾತ್ರ ಹಚ್ಚಿ ಆರು ದಿನವಾಯಿತು. ಕೆಂಪು ಇಳಿದಿದೆ, ಮೂಗಿನ ಸಂದಿನಲ್ಲಿ ತೆಳುವಾಗಿ ಹೊಸ ಚರ್ಮ ಬರುತ್ತಿದೆ. ನನ್ನ ಬಲವಂತಕ್ಕೆ ಚರ್ಮವೈದ್ಯೆಯನ್ನೂ ಕಂಡು ಬಂದಳು. ‘ಇಷ್ಟು ಚೆನ್ನಾಗಿರುವ ಚರ್ಮಕ್ಕೆ ಯಾಕೆ ಹಚ್ಚಿದೆ?’ ಎಂದು ಅವರು ಕೇಳಿದರಂತೆ. ಪೇಪರಿನಲ್ಲಿ ಬಂದಿತ್ತು ಎಂದಳಂತೆ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ. ತಿದ್ದುಪಡಿಗಳನ್ನು ಒಳಪುಟದ ಕೆಳಮೂಲೆಯಲ್ಲಿ ಇರುವೆ ಸಾಲಿನ ಹಾಗೆ ಹಾಕುವ ಪದ್ಧತಿ ನನಗೆ ಗೊತ್ತು. ನಾನೇ ಎಷ್ಟೋ ಹಾಕಿಸಿದ್ದೇನೆ. ಇದನ್ನು ಹಾಗೆ ಮಾಡಬೇಡಿ. ಅದೇ ಪುರವಣಿಯಲ್ಲಿ, ಅದೇ ಪುಟದಲ್ಲಿ, ಲೇಖನಕ್ಕೆ ಬಳಸಿದ ಅಕ್ಷರದ ಗಾತ್ರದಲ್ಲಿಯೇ ಹಾಕಿ. ನಿಮ್ಮವರಿಗೆ ತೊಂದರೆಯಾಗದಿರಲಿ ಎಂದು ಒಕ್ಕಣೆಯನ್ನು ನಾನೇ ಬರೆದು, ಮೂರು ಸಲ ಓದಿ, ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ ಕೆಳಗೆ ಕೊಟ್ಟಿದ್ದೇನೆ:

‘ತಿದ್ದುಪಡಿ: ಮುಖಕ್ಕೆ ಹಚ್ಚುವ ವಿಟಮಿನ್ ಎ ಕುರಿತ ಲೇಖನದಲ್ಲಿ ಶೇ 0.25 ಎಂದಿರುವುದನ್ನು ಶೇ 0.025 ಎಂದು ಓದಿಕೊಳ್ಳಬೇಕು. ಟ್ರೆಟಿನಾಯಿನ್ ಔಷಧ, ಚರ್ಮವೈದ್ಯರ ಚೀಟಿ ಇಲ್ಲದೆ ಬಳಸಬಾರದು. ಗರ್ಭಿಣಿಯರೂ ಗರ್ಭ ಧರಿಸಲು ಯೋಜಿಸುತ್ತಿರುವವರೂ ಹಚ್ಚಬಾರದು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು, ಆರಂಭದಲ್ಲಿ ವಾರಕ್ಕೆ ಎರಡು ರಾತ್ರಿ, ಹಗಲು ಸನ್‌ಸ್ಕ್ರೀನ್ ಕಡ್ಡಾಯ. ಪರಿಣಾಮಕ್ಕೆ ತಿಂಗಳುಗಳು ಬೇಕು. ಉರಿ ಹೆಚ್ಚಾದರೆ ನಿಲ್ಲಿಸಬೇಕು. ಉರಿ ಬಂದರೆ ಔಷಧ ಕೆಲಸ ಮಾಡುತ್ತಿದೆ ಎಂಬ ವಾಕ್ಯವನ್ನು ಹಿಂತೆಗೆದುಕೊಳ್ಳಲಾಗಿದೆ.’

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೂಫ್ ರೀಡರ್